ನೆಲಕ್ಕಿಳಿದ ವಿಮಾನದಳ

(ಅಂತಿಮ ಬಿ.ಎ., ಇತಿಹಾಸ)

ಯುದ್ಧಗಳ ಚರಿತ್ರೆಯನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ಒಂದು ಚಾಳಿಯುಂಟು. ಗೆದ್ದ ದಂಡನ್ನು ಶೂರರ ದಂಡೆಂದೂ, ಮುರಿದು ಓಡಿದ ದಂಡನ್ನು ಹೇಡಿಗಳ ದಂಡೆಂದೂ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಪುಟ ಮಗುಚಿಬಿಡುತ್ತೇವೆ. ಆ ದಂಡನ್ನು ಕಟ್ಟಿದವರು ಯಾರು, ಎಷ್ಟು ದಿನಗಳಲ್ಲಿ ಕಟ್ಟಿದರು, ಯಾವ ಕೆಲಸಕ್ಕೆಂದು ಬಂದವರನ್ನು ಯಾವ ಕೆಲಸಕ್ಕೆ ಹಚ್ಚಿದರು ಎಂದು ವಿಚಾರಿಸುವ ತಾಳ್ಮೆ ನಮಗಿರುವುದಿಲ್ಲ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲವಾದುದರಿಂದ ನಷ್ಟವೇನೂ ಇಲ್ಲವೆಂದು ತೋರಬಹುದು.

ಈ ವರ್ಷ ನಮ್ಮ ಇತಿಹಾಸ ಸಂಘದಲ್ಲಿ ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೋಲಿಗೆ ಕಾರಣಗಳೇನೆಂಬ ವಿಷಯವಾಗಿ ಚರ್ಚೆ ನಡೆಯಿತು. ಆಗ ಜರ್ಮನ್ ವಿಮಾನದಳದ ಕಾಲಾಳು ಡಿವಿಷನ್ನುಗಳ ಪ್ರಸ್ತಾಪ ಬಂದಿತು. ಮಿತ್ರರೊಬ್ಬರು, "ಅವರು ಗುಂಡಿನ ಸದ್ದು ಕೇಳಿದರೆ ಓಡುತ್ತಿದ್ದ ಜನ, ಅವರಲ್ಲಿ ಹೋರಾಡುವ ಛಲವೇ ಇರಲಿಲ್ಲ. ಛಲವಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ" ಎಂದರು. ಸಭೆಯಲ್ಲಿ ಚಪ್ಪಾಳೆ ಬಿದ್ದಿತು. ಈ ಮಾತಿನ ಮೊದಲರ್ಧ ಅನ್ಯಾಯವಾದುದು, ಎರಡನೆಯ ಅರ್ಧ ಅಪಾಯಕರವಾದುದು ಎಂದು ನಾನು ಬಗೆಯುತ್ತೇನೆ. ಅಲ್ಲಿ ನನಗೆ ದೊರೆತದ್ದು ಐದು ನಿಮಿಷ. ಆದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಸಂಗತಿಯನ್ನು ಹೇಳಬೇಕು. ಜರ್ಮನಿಯ ವಿಮಾನದಳಕ್ಕೆ ಲುಫ್ಟ್‌ವಾಫೆ ಎಂದು ಹೆಸರು. ಅದು ಬರಿಯ ಹಾರುವವರ ಪಡೆಯಾಗಿರಲಿಲ್ಲ. ಶತ್ರುವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿಗಳೂ, ಛತ್ರಿ ಕಟ್ಟಿಕೊಂಡು ಆಕಾಶದಿಂದ ಧುಮುಕುವ ಸೈನಿಕರೂ ಅದಕ್ಕೇ ಸೇರಿದ್ದರು. ಒಬ್ಬ ವೈಮಾನಿಕನು ಮೇಲೆ ಹಾರಬೇಕಾದರೆ ಕೆಳಗೆ ಹತ್ತಾರು ಜನ ದುಡಿಯಬೇಕು: ಎಂಜಿನ್ ಬಿಚ್ಚುವವರು, ಪೆಟ್ರೋಲು ತುಂಬುವವರು, ಬಾಂಬು ಹೊರುವವರು, ತಂತಿ ಮತ್ತು ರೇಡಿಯೊ ನೋಡುವವರು, ಲೆಕ್ಕ ಬರೆಯುವವರು, ಕಾವಲುಗಾರರು, ಅಡುಗೆಯವರು. ಹೀಗೆ 1942ರ ಹೊತ್ತಿಗೆ ಆ ಪಡೆಯಲ್ಲಿ 15 ಲಕ್ಷಕ್ಕೂ ಮೀರಿದ ಜನರಿದ್ದರು. ಇವರ ಒಡೆಯನು ಹೆರ್ಮನ್ ಗೋರಿಂಗ್. ಮೊದಲನೆಯ ಮಹಾಯುದ್ಧದಲ್ಲಿ ಹೆಸರಾಂತ ವೈಮಾನಿಕ, ಆಮೇಲೆ ಹಿಟ್ಲರನ ಬಲಗೈ. ಒಡೆಯ ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಏಕೆಂಬುದು ಮುಂದೆ ತಿಳಿದೀತು.

1941ರ ಜೂನ್ ತಿಂಗಳಲ್ಲಿ ಜರ್ಮನಿ ರಷ್ಯದ ಮೇಲೆ ಬಿದ್ದಿತು. ಡಿಸೆಂಬರಿನಲ್ಲಿ ಮಾಸ್ಕೋ ಮುಂದೆ ಪೆಟ್ಟು ತಿಂದಿತು. ಆ ಚಳಿಗಾಲ ಕಳೆಯುವಷ್ಟರಲ್ಲಿ ಪೂರ್ವರಂಗದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 10 ಲಕ್ಷ ಮೀರಿದರು. ಭೂಸೇನೆಯ ಡಿವಿಷನ್ನುಗಳು ಹೆಸರಿಗೆ ಇದ್ದುವು, ಕಂದಕಗಳಲ್ಲಿ ಆಳುಗಳಿರಲಿಲ್ಲ. ಅತ್ತ ವಿಮಾನನಿಲ್ದಾಣಗಳಲ್ಲಿ ಆರೋಗ್ಯವಂತರಾದ ತರುಣರು ಲಕ್ಷಗಟ್ಟಲೆ ಇದ್ದರು. ಆ ಚಳಿಗಾಲದಲ್ಲೇ ಕೈಗೆ ಸಿಕ್ಕ ವಿಮಾನದಳದವರನ್ನು ಗುಂಪು ಮಾಡಿ, ಮೈಂಡಲ್ ಎಂಬ ಸೇನಾನಿಯ ಕೈಕೆಳಗೆ ಲೆನಿನ್‌ಗ್ರಾಡಿನ ದಕ್ಷಿಣಕ್ಕೆ, ಸ್ತಾರಯ ರೂಸಾ ಸೀಮೆಯ ಹಿಮದಲ್ಲಿ ಕಾದಾಡಲು ಬಿಟ್ಟಿದ್ದರು. ಅದು ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಕೊಡದಿಂದ ನೀರು ಹಾಕಿದಂತೆ. ತಪ್ಪೆನ್ನುವಂತಿಲ್ಲ.

ತಪ್ಪಾದುದು ಅನಂತರ. 1942ರ ಬೇಸಗೆಯ ಕೊನೆಗೆ, ವಿಮಾನದಳದಲ್ಲಿ ಹೆಚ್ಚಾಗಿರುವ ಸುಮಾರು 2 ಲಕ್ಷ ಜನರನ್ನು ಭೂಸೇನೆಗೆ ಒಪ್ಪಿಸಬೇಕೆಂಬ ಮಾತು ಎದ್ದಿತು. ಸಾಮಾನ್ಯ ಬುದ್ಧಿಗೆ ಹೊಳೆಯುವುದೂ ಅದೇ. ಅನುಭವವುಳ್ಳ ಹಳೆಯ ಡಿವಿಷನ್ನುಗಳಲ್ಲಿ ಈ ಹೊಸಬರನ್ನು ಹತ್ತು ಹತ್ತು, ಇಪ್ಪತ್ತು ಇಪ್ಪತ್ತು ಮಂದಿಯಂತೆ ಹಂಚಿದ್ದರೆ, ಎರಡು ಚಳಿಗಾಲ ಕಂಡ ಹವಾಲ್ದಾರನ ಪಕ್ಕದಲ್ಲಿ ನಿಂತು ಇವರೂ ಕಲಿತುಕೊಳ್ಳುತ್ತಿದ್ದರು. ಗುಂಡು ಯಾವ ಕಡೆಯಿಂದ ಬರುತ್ತಿದೆಯೆಂದು ಸದ್ದಿನಿಂದಲೇ ಗುರುತಿಸುವುದು, ರಾತ್ರಿಯ ಹಿಮದಲ್ಲಿ ಕಾಲು ಕೊಳೆಯದಂತೆ ನೋಡಿಕೊಳ್ಳುವುದು, ಟ್ಯಾಂಕು ಮೇಲೆ ಬಂದಾಗ ಓಡದೆ ಕುಣಿಯೊಳಗೇ ಅಡಗುವುದು, ಇವನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ.

ಆದರೆ ಗೋರಿಂಗ್ ಒಪ್ಪಲಿಲ್ಲ. ಅವನು ಕೊಟ್ಟ ಕಾರಣವನ್ನು ಸೇನಾಪತಿ ಮಾನ್‌ಸ್ಟೈನ್ ತಮ್ಮ ಆತ್ಮಕಥೆಯಲ್ಲಿ ದಾಖಲೆ ಮಾಡಿದ್ದಾರೆ. ತನ್ನ ಹುಡುಗರು ನಾಜಿ ಧ್ಯೇಯದಲ್ಲಿ ಬೆಳೆದವರು. ಇನ್ನೂ ಪಾದ್ರಿಗಳನ್ನು ಇಟ್ಟುಕೊಂಡಿರುವ, ಕೈಸರನ ಕಾಲದ ಸಂಪ್ರದಾಯದಲ್ಲಿ ಮುಳುಗಿರುವ ಭೂಸೇನೆಯ ಅಧಿಕಾರಿಗಳ ಕೈಗೆ ಅವರನ್ನು ಹೇಗೆ ಒಪ್ಪಿಸುವುದು? ಇದೇ ಅವನ ವಾದ. ವಿಮಾನದಳದಲ್ಲಿ ಪಾದ್ರಿಗಳನ್ನು ನೇಮಿಸುವ ಪದ್ಧತಿಯೇ ಇರಲಿಲ್ಲ. ಅದು ಅವನಿಗೆ ಹೆಮ್ಮೆಯ ವಿಷಯ. ಕೊಡುವುದಾದರೆ ತಾನೇ ಡಿವಿಷನ್ನುಗಳನ್ನು ಕಟ್ಟಿ, ತನ್ನ ಅಧಿಕಾರಿಗಳನ್ನೇ ನೇಮಿಸಿ, ತನ್ನ ಸಮವಸ್ತ್ರದಲ್ಲೇ ಕಳುಹಿಸುವೆನೆಂದನು. ಹಿಟ್ಲರನು ತಲೆದೂಗಿದನು. 1942ರ ಸೆಪ್ಟೆಂಬರಿನಿಂದ ಮುಂದಿನ ಕೆಲವು ತಿಂಗಳುಗಳಲ್ಲಿ ಇಂಥ 20ಕ್ಕೂ ಹೆಚ್ಚು ಡಿವಿಷನ್ನುಗಳು ಹುಟ್ಟಿದುವು. ಇಪ್ಪತ್ತೆರಡನೆಯದು ಪೂರ್ತಿಯಾಗಿ ರೂಪುಗೊಳ್ಳಲೇ ಇಲ್ಲ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ನನ್ನ ಮಿತ್ರರು ಈ ಸೈನಿಕರಲ್ಲಿ ಛಲವಿರಲಿಲ್ಲ ಎಂದರಷ್ಟೆ. ಆದರೆ ಈ ಡಿವಿಷನ್ನುಗಳನ್ನು ಕಟ್ಟಿದುದೇ ಛಲದ ಹೆಸರಿನಲ್ಲಿ! ಇವರು ಮಿಕ್ಕವರಿಗಿಂತ ಹೆಚ್ಚು ಧ್ಯೇಯನಿಷ್ಠರು, ಹೆಚ್ಚು ಉತ್ಸಾಹಿಗಳು, ಆದುದರಿಂದ ಹಳಬರ ಪಾಠ ಇವರಿಗೆ ಬೇಕಿಲ್ಲ ಎಂಬುದೇ ಇಡೀ ಏರ್ಪಾಡಿನ ತಳಹದಿ. "ಛಲವಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ" ಎಂಬ ಸೂತ್ರವನ್ನು ಎರಡು ಲಕ್ಷ ಜನರ ಮೇಲೆ ಪ್ರಯೋಗ ಮಾಡಿ ನೋಡಿದವನು ಗೋರಿಂಗ್. ಪ್ರಯೋಗದ ಫಲ ನಮ್ಮ ಮುಂದಿದೆ.

ಈ ಡಿವಿಷನ್ನುಗಳು ಹೇಗಿದ್ದುವು? ಭೂಸೇನೆಯ ಡಿವಿಷನ್ನಿಗಿಂತ ಚಿಕ್ಕವು. ಕಾಲಾಳು ಬೆಟಾಲಿಯನ್ನುಗಳು ಕಡಮೆ, ಫಿರಂಗಿಗಳು ಕಡಮೆ. ಅವುಗಳಲ್ಲೂ ಎಷ್ಟೋ ಸೋತ ದೇಶಗಳಿಂದ ಹೊತ್ತು ತಂದವು. ಮೈಮೇಲೆ ವಿಮಾನದಳದ ನೀಲಿಬೂದು ಬಟ್ಟೆ. ಹೊಸ ಡಿವಿಷನ್ನುಗಳಾದುದರಿಂದ ಅವಕ್ಕೆ ಬಂದೂಕು, ಲಾರಿ ಮುಂತಾದುವನ್ನು ಎಲ್ಲಿಂದಲೋ ಒದಗಿಸಬೇಕಾಯಿತು; ಹಳೆಯ ಡಿವಿಷನ್ನುಗಳು ಅದೇ ಸಾಮಗ್ರಿಗಾಗಿ ಕಾಯುತ್ತಿದ್ದುವು. ಅಧಿಕಾರಿಗಳಲ್ಲಿ ಬಹುಮಂದಿ ವಿಮಾನವನ್ನೋ ವಿಮಾನನಿಲ್ದಾಣವನ್ನೋ ಬಲ್ಲವರು, ಕಂದಕವನ್ನು ಬಲ್ಲವರಲ್ಲ. ತರಬೇತಿ ಕೆಲವೇ ವಾರಗಳದು. ನಮ್ಮ ಕಾಲೇಜಿನ ಎನ್.ಸಿ.ಸಿ.ಯಲ್ಲಿ ನಾನು ಎರಡು ವರ್ಷ ಇದ್ದೇನೆ. ಬಂದೂಕನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸುವುದನ್ನು ಹವಾಲ್ದಾರರು ಬೈಯದಂತೆ ಮಾಡಲು ನನಗೆ ಮೊದಲ ವರ್ಷವೆಲ್ಲ ಹಿಡಿಯಿತು. ಅದೂ ನಮ್ಮ ಮೈದಾನದಲ್ಲಿ, ಬೆಳಗಿನ ತಿಂಡಿ ತಿಂದು, ಯಾರೂ ನಮ್ಮ ಮೇಲೆ ಗುಂಡು ಹಾರಿಸದಿರುವಾಗ.

1942ರ ನವೆಂಬರ್ 19ರಂದು ರಷ್ಯನರು ಸ್ಟಾಲಿನ್‌ಗ್ರಾಡಿನ ಸುತ್ತ ಮುತ್ತಿಗೆಯ ಬಲೆ ಬೀಸಿದರು. ನಾಲ್ಕೇ ದಿನಗಳಲ್ಲಿ ಜರ್ಮನರ ಆರನೆಯ ಸೈನ್ಯ ಒಳಗೆ ಸಿಕ್ಕಿಬಿದ್ದಿತು. ಹೊರಗೆ, ಡಾನ್ ನದಿಗೆ ಬಂದು ಸೇರುವ ಚಿರ್ ಎಂಬ ಹೊಳೆಯ ದಂಡೆಯಲ್ಲಿ ಹೊಸದಾಗಿ ಒಂದು ಸಾಲನ್ನು ಹಿಡಿಯಬೇಕಾಯಿತು. ಆಗ ಓಡೋಡಿ ತಂದವುಗಳಲ್ಲಿ ವಿಮಾನದಳದ ಏಳನೆಯ ಮತ್ತು ಎಂಟನೆಯ ಡಿವಿಷನ್ನುಗಳಿದ್ದುವು. ಕಟ್ಟಿ ಎರಡು ಮೂರು ತಿಂಗಳೂ ಆಗಿರಲಿಲ್ಲ. ಎಂಟನೆಯದು ತುಂಡು ತುಂಡಾಗಿ ಯುದ್ಧಕ್ಕೆ ಬಿದ್ದು ಕೆಲವೇ ವಾರಗಳಲ್ಲಿ ನಾಶವಾಯಿತು.

ಏಳನೆಯದರ ಕಥೆ ನನ್ನ ವಾದಕ್ಕೆ ಹೆಚ್ಚು ಉಪಯೋಗವಾದುದು. ಅದು 48ನೆಯ ಪಾನ್ಸರ್ ಕೋರ್ ಎಂಬ ದಂಡಿನಲ್ಲಿತ್ತು. ಅದರೊಡನೆ 336ನೆಯ ಕಾಲಾಳು ಡಿವಿಷನ್ನೂ 11ನೆಯ ಟ್ಯಾಂಕು ಡಿವಿಷನ್ನೂ ಇದ್ದುವು. ಅದೇ ಹೊಳೆ, ಅದೇ ಡಿಸೆಂಬರ್, ಅದೇ ಚಳಿ, ಎದುರಿಗೆ ಅದೇ ಶತ್ರು. ಆ ದಂಡಿನ ಮುಖ್ಯ ಸಿಬ್ಬಂದಿಯ ಅಧಿಕಾರಿಯಾಗಿದ್ದ ಮೆಲೆಂಟಿನ್ ಯುದ್ಧಾನಂತರ ಒಂದು ಗ್ರಂಥ ಬರೆದಿದ್ದಾರೆ. 336ನೆಯದು ಟ್ಯಾಂಕುಗಳು ಸಾಲಿನೊಳಕ್ಕೆ ನುಗ್ಗಿದಾಗಲೂ ಇದ್ದ ಸ್ಥಳದಲ್ಲೇ ಊರಿ ನಿಂತಿತು. ಅದನ್ನೇ ಗೂಟವಾಗಿಟ್ಟುಕೊಂಡು 11ನೆಯ ಟ್ಯಾಂಕು ಡಿವಿಷನ್ ಅತ್ತಿಂದಿತ್ತ ಸುತ್ತಿ ಶತ್ರುವನ್ನು ಹೊಡೆಯಿತು. ವಿಮಾನದಳದ ಡಿವಿಷನ್ನನ್ನು ಅಂಥ ಭಾರಕ್ಕೆ ನಂಬುವಂತಿರಲಿಲ್ಲ. ಅದರ ಆಳುಗಳು ಒಳ್ಳೆಯವರು, ಸಾಮಗ್ರಿಯೂ ಕೆಟ್ಟದಲ್ಲ, ಆದರೆ ತರಬೇತಿಯಿಲ್ಲ ಎಂಬುದೇ ಅವರ ದೂರು.

336ನೆಯ ಡಿವಿಷನ್ ಕಟ್ಟಿದುದು 1940ರ ಡಿಸೆಂಬರಿನಲ್ಲಿ. ಚಿರ್ ದಂಡೆಗೆ ಬರುವ ಹೊತ್ತಿಗೆ ಅದಕ್ಕೆ ಎರಡು ವರ್ಷ. ವಿಮಾನದಳದ ಡಿವಿಷನ್ನಿಗೆ ಎರಡು ಮೂರು ತಿಂಗಳು. ಒಂದೇ ಊರಿನ ಅಣ್ಣತಮ್ಮಂದಿರಲ್ಲಿ ಒಬ್ಬನು ಮೊದಲನೆಯದರಲ್ಲಿಯೂ ಇನ್ನೊಬ್ಬನು ಎರಡನೆಯದರಲ್ಲಿಯೂ ಇದ್ದಿರಬಹುದು. ಹಾಗಿದ್ದರೆ ಅಣ್ಣ ಶೂರ, ತಮ್ಮ ಹೇಡಿ ಎನ್ನುವುದೇ? ಶೌರ್ಯವೆಂದು ನಾವು ಹೊಗಳುವುದರಲ್ಲಿ ಮುಕ್ಕಾಲು ಪಾಲು ಅಭ್ಯಾಸವೆಂದೇ ನನ್ನ ನಂಬಿಕೆ. 1943ರಲ್ಲಿ ಏಳನೆಯ, ಎಂಟನೆಯ ಡಿವಿಷನ್ನುಗಳಲ್ಲಿ ಅಳಿದುಳಿದವರನ್ನು ಹದಿನೈದನೆಯದಕ್ಕೆ ಸೇರಿಸಿ ಲೆಕ್ಕ ಮುಗಿಸಿದರು.

ಅದೇ ವಾರಗಳಲ್ಲಿ ಗೋರಿಂಗ್ ಇನ್ನೊಂದು ಮಾತನ್ನೂ ಕೊಟ್ಟಿದ್ದನು. ಸ್ಟಾಲಿನ್‌ಗ್ರಾಡಿನೊಳಗೆ ಸಿಕ್ಕಿದ ಸೈನ್ಯಕ್ಕೆ ಬೇಕಾದುದನ್ನೆಲ್ಲ ವಿಮಾನದಲ್ಲಿ ಒದಗಿಸುವೆನೆಂಬ ಮಾತು. ದಿನಕ್ಕೆ ಕಡೆಯ ಪಕ್ಷ 300 ಟನ್ ಬೇಕಾಗಿದ್ದಿತು. ಸರಾಸರಿಯಲ್ಲಿ ತಲಪಿದುದು ಅದರ ಅರ್ಧಕ್ಕೂ ಕಡಮೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ನಮ್ಮ ಕಡೆ ಹೇಳುತ್ತಾರೆ. ಇಲ್ಲಿ ಖರ್ಚಾದುದು ದುಡ್ಡಲ್ಲ.

ಇನ್ನು ನೆವೆಲ್. ಇದು ರಷ್ಯದ ವಾಯವ್ಯ ಭಾಗದಲ್ಲಿ ಸರೋವರಗಳ ನಡುವಿನ ಒಂದು ಪಟ್ಟಣ. ಜರ್ಮನರ ಉತ್ತರದ ಸೈನ್ಯಸಮೂಹವೂ ಮಧ್ಯದ ಸೈನ್ಯಸಮೂಹವೂ ಕೂಡುವ ಕೀಲು ಅಲ್ಲಿಯೇ ಇದ್ದಿತು. ಎರಡು ಹೊಲಗಳ ಬದುವಿನ ಮೇಲೆ ಯಾರಿಗೂ ಪೂರ್ತಿ ಗಮನವಿರುವುದಿಲ್ಲ. ಕಳ್ಳನು ನುಗ್ಗುವುದೂ ಅಲ್ಲಿಂದಲೇ. ಆ ಬದುವಿನಲ್ಲಿ ವಿಮಾನದಳದ ಎರಡನೆಯ ಡಿವಿಷನ್ನನ್ನು ನಿಲ್ಲಿಸಿದ್ದರು. 1943ರ ಅಕ್ಟೋಬರ್ 6ರ ಬೆಳಗ್ಗೆ ಯೆರೆಮೆಂಕೊ ಎಂಬ ಸೇನಾನಿಯ ರಷ್ಯನ್ ಪಡೆಗಳು ಅಲ್ಲಿ ಎರಗಿದುವು. ಡಿವಿಷನ್ ಒಡೆಯಿತು. ಟ್ಯಾಂಕುಗಳೂ ಲಾರಿಗಳಲ್ಲಿ ತುಂಬಿದ ಸೈನಿಕರೂ ಬಿರುಕಿನಲ್ಲಿ ನುಗ್ಗಿ ಅದೇ ದಿನ ನೆವೆಲನ್ನು ಹಿಡಿದರು. ಬಿರುಕನ್ನು ಮುಚ್ಚಲು ಜರ್ಮನರಿಗೆ ಆಮೇಲೆ ಆಗಲೇ ಇಲ್ಲ. ವಿಮಾನದಳದ ಕಾಲಾಳುಗಳಿಗೆ ಕೆಟ್ಟ ಹೆಸರು ತಂದುದರಲ್ಲಿ ಈ ಒಂದು ದಿನದ ಪಾಲು ದೊಡ್ಡದು. ಬೀಗವೇ ಇಲ್ಲದ ಬಾಗಿಲಿನಲ್ಲಿ ಹೊಸ ಕಾವಲುಗಾರನನ್ನು ನಿಲ್ಲಿಸಿದವರಾರು ಎಂಬ ಪ್ರಶ್ನೆಯನ್ನು ಹೆಚ್ಚು ಜನ ಕೇಳಿದಂತೆ ಕಾಣುವುದಿಲ್ಲ.

ಆ ವರ್ಷದ ನವೆಂಬರ್ 1ರಿಂದ ಈ ಡಿವಿಷನ್ನುಗಳೆಲ್ಲ ಭೂಸೇನೆಯ ವಶಕ್ಕೆ ಬಂದುವು. ಒಂದು ವರ್ಷದ ಹಿಂದೆ ಮಾಡಬೇಕಾಗಿದ್ದ ಕೆಲಸ. ಆದರೆ ಇಲ್ಲಿಯೂ ಒಂದು ಚೋದ್ಯವುಂಟು. ಈ ಡಿವಿಷನ್ನುಗಳಲ್ಲಿ ನಿಜವಾಗಿ ಬಲವಾಗಿದ್ದುದು ವಿಮಾನ ಹೊಡೆಯುವ ಫಿರಂಗಿಗಳು. ವಿಮಾನದಳದವರಿಗೆ ಅದು ಕರತಲಾಮಲಕ. ಟ್ಯಾಂಕಿನ ಮೇಲೂ ಅವುಗಳ ಪೆಟ್ಟು ಭಾರಿಯಾದುದು. ಹಸ್ತಾಂತರದ ವೇಳೆಯಲ್ಲಿ ವಿಮಾನದಳವು ಆ ಫಿರಂಗಿ ತುಕಡಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆಳುಗಳನ್ನು ಬಿಟ್ಟುಕೊಟ್ಟರು, ಫಿರಂಗಿಯನ್ನು ಬಿಟ್ಟುಕೊಡಲಿಲ್ಲ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಹೊಂದೀತು?

ಇಷ್ಟು ಓದಿದ ಮೇಲೆ, ಈತನು ನಾಜಿ ಸೈನಿಕರಿಗಾಗಿ ಮರುಗುತ್ತಿದ್ದಾನೆಯೇ ಎಂದು ವಾಚಕರಿಗೆ ಸಂದೇಹ ಬರಬಹುದು. ಅದಕ್ಕಾಗಿಯೇ ಲೆನಿನ್‌ಗ್ರಾಡಿನ ಮಾತನ್ನು ಇಲ್ಲಿ ಎತ್ತಬೇಕಾಗಿದೆ. 1941ರ ಸೆಪ್ಟೆಂಬರ್ 8ರಂದು ಆ ನಗರದ ಭೂಮಾರ್ಗ ಮುಚ್ಚಿತು. ಮುಂದಿನ 872 ದಿನಗಳಲ್ಲಿ ಅಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಸತ್ತರು. ಅವರನ್ನು ಉಪವಾಸ ಕೆಡವಿದುದು ಬರಗಾಲವಲ್ಲ. ಸುತ್ತ ಸಾಲಾಗಿ ನಿಂತ ಸೈನಿಕರು. ನಗರದ ಪಶ್ಚಿಮಕ್ಕೆ, ಸಮುದ್ರತೀರದ ಒರಾನಿಯೆನ್‌ಬಾಮ್ ಎಂಬಲ್ಲಿ ರಷ್ಯನರ ಕೈಯಲ್ಲಿ ಒಂದು ತುಂಡು ನೆಲ ಉಳಿದುಕೊಂಡಿದ್ದಿತು. ಅದನ್ನು ಸುತ್ತಿ ಕಾಯುತ್ತಿದ್ದವರಲ್ಲಿ ವಿಮಾನದಳದ ಒಂಬತ್ತನೆಯ ಮತ್ತು ಹತ್ತನೆಯ ಡಿವಿಷನ್ನುಗಳವರಿದ್ದರು. ತರಬೇತಿ ಕಡಮೆಯೆಂದ ಮಾತ್ರಕ್ಕೆ ಆ ಸಾಲಿನಲ್ಲಿ ನಿಂತ ಪಾಪ ಕಡಮೆಯಾಗುವುದಿಲ್ಲ. ಎಂಜಿನ್ ಬಿಚ್ಚುತ್ತಿದ್ದ ಹುಡುಗನೂ ಬಂದೂಕು ಹಿಡಿದು ಅಲ್ಲಿ ನಿಂತಾಗ ಮುತ್ತಿಗೆಯ ಒಂದು ಕಲ್ಲಾದನು. ಇವರನ್ನು ಹೇಡಿಗಳೆನ್ನಬೇಡಿ ಎಂಬುದಷ್ಟೇ ನನ್ನ ವಾದ, ನಿರಪರಾಧಿಗಳು ಎಂದಲ್ಲ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದು ಚರಿತ್ರೆಯಲ್ಲ.

1944ರ ಜನವರಿ 14ರಂದು ಫೆಡ್ಯುನಿನ್‌ಸ್ಕಿಯ ಎರಡನೆಯ ಆಘಾತ ಸೈನ್ಯವು ಆ ತುಂಡು ನೆಲದಿಂದ ಹೊರಕ್ಕೆ ನುಗ್ಗಿತು. ಮೊದಲು ಒಂದು ಗಂಟೆಗೂ ಮೀರಿ ಫಿರಂಗಿಗಳ ಮಳೆ. ಆಮೇಲೆ ಟ್ಯಾಂಕು ಮತ್ತು ಕಾಲಾಳು. ಮರುದಿನ ಲೆನಿನ್‌ಗ್ರಾಡಿನ ಕಡೆಯಿಂದಲೂ ಇನ್ನೊಂದು ಸೈನ್ಯ ಹೊರಟಿತು. 19ರಂದು ರೋಪ್ಷಾ ಎಂಬಲ್ಲಿ ಎರಡೂ ಕೈ ಕುಲುಕಿದುವು. ಒಂಬತ್ತನೆಯ ಮತ್ತು ಹತ್ತನೆಯ ಡಿವಿಷನ್ನುಗಳು ಆ ಒಂದು ವಾರದಲ್ಲಿ ಚೂರಾದುವು. ಜನವರಿ 27ರಂದು ನಗರದಲ್ಲಿ ಮುತ್ತಿಗೆ ಮುಗಿದುದಕ್ಕಾಗಿ ಫಿರಂಗಿಗಳ ವಂದನೆ ನಡೆಯಿತು. ಈ ಡಿವಿಷನ್ನುಗಳು ಗಟ್ಟಿಯಾಗಿ ನಿಂತಿದ್ದರೆ ಆ ದಿನ ಇನ್ನೂ ತಡವಾಗುತ್ತಿತ್ತೆಂಬುದನ್ನು ನೆನೆದರೆ, ಗೋರಿಂಗನ ಹಟದಿಂದ ಜಗತ್ತಿಗೆ ಒಂದು ಒಳ್ಳೆಯದೂ ಆಯಿತೆಂದು ಹೇಳಬೇಕಾಗುತ್ತದೆ.

ಲೆನಿನ್‌ಗ್ರಾಡಿನ ಹೆಸರು ಬಂದಾಗ ಛಲದ ಪಕ್ಷದವರು ಒಂದು ಎದುರುಮಾತನ್ನು ಹೇಳುವುದುಂಟು; ಅದು ಬಲವಾದುದೇ. 1941ರ ಬೇಸಗೆಯಲ್ಲಿ ಆ ನಗರದ ಜನರೇ ಸ್ವಯಂಸೇವಕರಾಗಿ ಡಿವಿಷನ್ನುಗಳನ್ನು ಕಟ್ಟಿದರು. ಕಾರ್ಖಾನೆಯ ಕೂಲಿಗಳು, ಗುಮಾಸ್ತರು, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, ಅಧ್ಯಾಪಕರು, ಒಟ್ಟು 1 ಲಕ್ಷಕ್ಕೂ ಹೆಚ್ಚು ಜನ. ಅವರಿಗೂ ತರಬೇತಿ ಕೆಲವೇ ದಿನಗಳದು. ಅವರು ಹೋಗಿ ಲೂಗಾ ನದಿಯ ಸಾಲಿನಲ್ಲಿ ನಿಂತರು, ನಗರ ಉಳಿಯಿತು. ಹಾಗಾದರೆ ಛಲ ಗೆಲ್ಲಲಿಲ್ಲವೇ?

ಅವರಲ್ಲಿ ಹಿಂದಿರುಗಿದವರೆಷ್ಟು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಕೆಲವು ಡಿವಿಷನ್ನುಗಳು ಸೆಪ್ಟೆಂಬರಿನ ಹೊತ್ತಿಗೆ ಹೆಸರಿಗೂ ಉಳಿಯಲಿಲ್ಲ. ಅವರ ಛಲದಲ್ಲಿ ಸಂದೇಹಪಡುವವನು ಮನುಷ್ಯನೇ ಅಲ್ಲ. ಬೆನ್ನ ಹಿಂದೆ ಅವರವರ ಮನೆಯೇ ಇದ್ದಿತು. ಆದರೂ ತರಬೇತಿಯಿಲ್ಲದ ಛಲಕ್ಕೆ ತೆರಬೇಕಾದ ಬೆಲೆಯಲ್ಲಿ ಅವರಿಗೆ ರಿಯಾಯಿತಿ ದೊರೆಯಲಿಲ್ಲ. ವ್ಯತ್ಯಾಸವಿರುವುದು ಬೇರೆ ಕಡೆ. ಮನೆಬಾಗಿಲಿಗೆ ಶತ್ರು ಬಂದಾಗ ಲೆನಿನ್‌ಗ್ರಾಡಿಗೆ ಬೇರೆ ದಾರಿಯಿರಲಿಲ್ಲ. ಗೋರಿಂಗನಿಗೆ ಇನ್ನೊಂದು ದಾರಿಯಿತ್ತು. ಅದನ್ನು ಅವನ ಮೇಜಿನ ಮೇಲೆಯೇ ಇಟ್ಟಿದ್ದರು. ಅವನು ಬೇಡವೆಂದನು. ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಸಾಲಿನಲ್ಲಿ ಬಿದ್ದರೆಂಬುದನ್ನು ಓದಿದಾಗ ನಮ್ಮ ಕಾಲೇಜಿನ ಮೊಗಸಾಲೆ ಕಣ್ಣ ಮುಂದೆ ಬರುತ್ತದೆ. ಅವರ ತ್ಯಾಗವನ್ನು ಕೊಂಡಾಡುವ ಭರದಲ್ಲಿ, ಅವರಿಗೆ ಇನ್ನೆರಡು ತಿಂಗಳ ತರಬೇತಿ ಸಿಕ್ಕಿದ್ದರೆ ಎಷ್ಟು ಮಂದಿ ಮತ್ತೆ ತರಗತಿಗೆ ಬರುತ್ತಿದ್ದರೆಂಬ ಲೆಕ್ಕವನ್ನು ಮರೆಯುವುದು ನನಗೆ ಸರಿತೋರದು.

ಪಶ್ಚಿಮರಂಗದ ಮಾತನ್ನು ಬೇಗ ಮುಗಿಸುತ್ತೇನೆ, ಒಂದು ಸಂಗತಿಯ ಹೊರತು. ವಿಮಾನದಳದ ಹದಿನಾರನೆಯ ಡಿವಿಷನ್ ಹಾಲೆಂಡಿನ ಕಡಲತೀರವನ್ನು ಕಾಯುತ್ತಿದ್ದಿತು. 1944ರ ಜುಲೈ ತಿಂಗಳ ಮೊದಲಲ್ಲಿ ಅದನ್ನು ನಾರ್ಮಂಡಿಯ ಕಾನ್ ನಗರಕ್ಕೆ ತಂದು, ಒಂದು ಟ್ಯಾಂಕು ಡಿವಿಷನ್ನು ಬಿಟ್ಟುಹೋದ ಜಾಗದಲ್ಲಿ ನಿಲ್ಲಿಸಿದರು. ಜುಲೈ 7ರ ಸಂಜೆ ಬ್ರಿಟಿಷ್ ವಿಮಾನಗಳು ಕಾನ್ ಮೇಲೆ ಬಾಂಬು ಸುರಿದುವು. ಮರುದಿನ ಬ್ರಿಟಿಷ್ ಸೈನ್ಯ ಮುನ್ನುಗ್ಗಿತು. ಡಿವಿಷನ್ನಿನ ಕಾಲಾಳುಗಳಲ್ಲಿ ಮುಕ್ಕಾಲು ಪಾಲು ಹೋಯಿತು. ಜುಲೈ 18ರಂದು 2,000ದಷ್ಟು ವಿಮಾನಗಳು ಬಂದುವು. ಉಳಿದ ಕಾಲು ಭಾಗದ ಗತಿಯನ್ನು ಹೇಳಬೇಕಾಗಿಲ್ಲ. ಎದೆಯ ಮೇಲೆ ವಿಮಾನದಳದ ಹದ್ದನ್ನು ಧರಿಸಿಕೊಂಡು, ತಲೆಯ ಮೇಲೆ ತಮ್ಮದೊಂದು ವಿಮಾನವನ್ನೂ ಕಾಣದೆ, ಪರರ ವಿಮಾನಗಳ ಕೆಳಗೆ ಇವರು ಮಣ್ಣಾದರು. ರಷ್ಯದಲ್ಲಿ ನಾಲ್ಕನೆಯ ಮತ್ತು ಆರನೆಯ ಡಿವಿಷನ್ನುಗಳು ಅದಕ್ಕೆ ಕೆಲವೇ ದಿನ ಮೊದಲು, ಜೂನ್ ಕೊನೆಯಲ್ಲಿ, ವಿಟೆಬ್ಸ್ಕ್ ನಗರದ ಮುತ್ತಿಗೆಯಲ್ಲಿ ಕೊನೆಗಂಡಿದ್ದುವು.

ಈಗ ಸೇನಾಪತಿಗಳ ಆತ್ಮಕಥೆಗಳ ವಿಚಾರ. ವಿಮಾನದಳದ ಡಿವಿಷನ್ನುಗಳನ್ನು ಶುದ್ಧ ಹುಚ್ಚೆಂದು ಖಂಡಿಸಿದವರಲ್ಲಿ ಮಾನ್‌ಸ್ಟೈನರು ಮುಖ್ಯರು. ಅವರ ಗ್ರಂಥ 1955ರಲ್ಲಿ ಹೊರಬಂದಿತು. ಖಂಡನೆ ಸರಿಯಾದುದೇ, ನಾನೂ ಅದನ್ನೇ ಹೇಳುತ್ತಿದ್ದೇನೆ. ಆದರೆ ಆ ಗ್ರಂಥದ ಹೆಸರೇ ಕೈತಪ್ಪಿದ ವಿಜಯಗಳು ಎಂಬ ಅರ್ಥದ್ದು. ಹಿಟ್ಲರನೂ ಗೋರಿಂಗನೂ ಅಡ್ಡ ಬಾರದಿದ್ದರೆ ನಾವು ಗೆಲ್ಲುತ್ತಿದ್ದೆವು ಎಂಬ ಕೊರಗು ಅದರ ತುಂಬ ಹರಿದಿದೆ. 1949ರಲ್ಲಿ ಬ್ರಿಟಿಷ್ ನ್ಯಾಯಾಲಯವು ಯುದ್ಧಾಪರಾಧಗಳಿಗಾಗಿ ಇದೇ ಮಾನ್‌ಸ್ಟೈನರಿಗೆ 18 ವರ್ಷದ ಸೆರೆ ವಿಧಿಸಿದ್ದಿತು. 1953ರಲ್ಲೇ ಅವರು ಬಿಡುಗಡೆಯಾದರು. ಇಂಥವರು ಸತ್ತ ಗೋರಿಂಗನ ಮೇಲೆ ಎಷ್ಟು ಭಾರ ಹೊರಿಸಿದರೂ ಎದುರಾಡುವವರಿಲ್ಲ. ಅವನು 1946ರ ಅಕ್ಟೋಬರ್ 15ರ ರಾತ್ರಿ, ಗಲ್ಲಿಗೇರುವ ಮೊದಲೇ, ನ್ಯೂರೆಂಬರ್ಗಿನ ಸೆರೆಮನೆಯಲ್ಲಿ ವಿಷ ನುಂಗಿದ್ದನು. ಏನೂ ತಿಳಿಯದವರನ್ನು ತುಂಡು ತುಂಡು ಮಾಡಿ ಚಿರ್ ದಂಡೆಗೆ ತಳ್ಳಿದವರೂ, ನೆವೆಲಿನ ಕೀಲಿನಲ್ಲಿ ನಿಲ್ಲಿಸಿದವರೂ ಭೂಸೇನೆಯ ಸೇನಾಪತಿಗಳೇ ಎಂಬುದನ್ನು ಅವರ ಗ್ರಂಥಗಳನ್ನು ಓದುವಾಗ ನೆನಪಿನಲ್ಲಿಡುವುದು ಒಳಿತು. ಕಟ್ಟಿದವನ ತಪ್ಪು ಒಂದು, ಬಳಸಿದವರ ತಪ್ಪು ಇನ್ನೊಂದು. ಇವೆರಡನ್ನೂ ಹೊತ್ತವರು ಮೂರನೆಯವರು. ಅವರ ಆತ್ಮಕಥೆ ನಮ್ಮ ಪುಸ್ತಕಭಂಡಾರಕ್ಕೆ ಬರುವುದಿಲ್ಲ.

ಈ ಡಿವಿಷನ್ನುಗಳೆಲ್ಲವೂ ಒಂದೇ ಬಗೆಯಾಗಿ ಮುರಿದವೆಂದೂ ತಿಳಿಯಬಾರದು. ಹನ್ನೆರಡನೆಯದು ಮತ್ತು ಇಪ್ಪತ್ತೊಂದನೆಯದು ಉತ್ತರದ ಸೈನ್ಯಸಮೂಹದಲ್ಲಿದ್ದು, ತಾವು ನಿಂತ ನೆಲದಲ್ಲಿ ಕಲಿಯಲು ತಿಂಗಳುಗಟ್ಟಲೆ ಕಾಲ ದೊರೆತುದರಿಂದ, ಬಾಲ್ಟಿಕ್ ತೀರದ ಕೂರ್ಲೆಂಡಿನವರೆಗೆ ಹೋರಾಡುತ್ತ ಹಿಂದೆ ಸರಿದುವು. 1945 ಬಂದಾಗಲೂ ಅವು ಇನ್ನೂ ಡಿವಿಷನ್ನುಗಳಾಗಿಯೇ ಉಳಿದಿದ್ದುವು. ಇವರಿಗೂ ಮೊದಲಲ್ಲಿ ಸಿಕ್ಕಿದ್ದು ಅದೇ ನೀಲಿಬೂದು ಬಟ್ಟೆ, ಅದೇ ಕೆಲವು ವಾರಗಳ ತರಬೇತಿ.

ಹದಿನೆಂಟನೆಯದರ ಕಥೆ ಇನ್ನೂ ವಿಚಿತ್ರ. ಅದು ಫ್ರಾನ್ಸಿನ ಡನ್‌ಕರ್ಕ್ ಕಡೆ ಕಡಲ ಕಾವಲಿನಲ್ಲಿತ್ತು. 1944ರ ಸೆಪ್ಟೆಂಬರಿನ ಮೊದಲಲ್ಲಿ ಬೆಲ್ಜಿಯಮ್ಮಿನ ಮಾನ್ಸ್ ಬಳಿ ಅಮೆರಿಕನರ ಬಲೆಗೆ ಸಿಕ್ಕಿ ನಾಶವಾಯಿತು. ತಪ್ಪಿಸಿಕೊಂಡ ಕೆಲವರನ್ನು ಡೆನ್ಮಾರ್ಕಿಗೆ ಸಾಗಿಸಿ, ವಿಮಾನದಳದ ಮತ್ತು ನೌಕಾದಳದ ಇನ್ನಷ್ಟು ಜನರನ್ನು ಬೆರೆಸಿ, ಅದೇ 18 ಎಂಬ ಸಂಖ್ಯೆಯನ್ನು ಕೊಟ್ಟು ಭೂಸೇನೆಯ ಹೊಸ ಡಿವಿಷನ್ನೊಂದನ್ನು ಕಟ್ಟಿದರು. ಮತ್ತೆ ಅದೇ ಕಥೆಯಾಗಬೇಕಾಗಿತ್ತು. ಆದರೆ ಈ ಸಲ ಅದಕ್ಕೆ ಬೆಲ್ಜಿಯಮ್ಮಿನ ಗಡಿಯಲ್ಲಿ, ಗದ್ದಲವಿಲ್ಲದ ಒಂದು ಕಾಡುಗುಡ್ಡದ ಸಾಲಿನಲ್ಲಿ, ಅಕ್ಟೋಬರಿನಿಂದ ಎರಡು ತಿಂಗಳು ಇರಲು ಅವಕಾಶವಾಯಿತು. ಪ್ರತಿಯೊಂದು ಹಾದಿ, ಹಳ್ಳ, ತೋಪು ಅವರಿಗೆ ಪರಿಚಯವಾಯಿತು. ಡಿಸೆಂಬರ್ 11ರಂದು ಅವರೆದುರಿಗೆ ಅಮೆರಿಕದ 106ನೆಯ ಡಿವಿಷನ್ ಬಂದು ನಿಂತಿತು. ಯುದ್ಧವನ್ನೇ ಕಾಣದ, ಕಡಲು ದಾಟಿ ಆಗ ತಾನೇ ಬಂದ ಹುಡುಗರು. ಡಿಸೆಂಬರ್ 16ರಂದು ಜರ್ಮನರ ಆಕ್ರಮಣ ಮೊದಲಾಯಿತು. 18ನೆಯ ಡಿವಿಷನ್ ಎರಡು ಬದಿಯಿಂದ ಸುತ್ತಿ ಬಂದು ಆ ಹುಡುಗರ ಎರಡು ರೆಜಿಮೆಂಟುಗಳನ್ನು ಗುಡ್ಡದ ಮೇಲೆ ಕಟ್ಟಿಹಾಕಿತು. 19ರಂದು ಆ ಎರಡು ರೆಜಿಮೆಂಟುಗಳು ಕೈಯೆತ್ತಿದುವು.